ಎರಡು ದಿನ, 83 ನಿಲ್ದಾಣ: ಕೊಪ್ಪಳದಿಂದ ಹೋಗಿ ಮೆಟ್ರೊ ಕಲಿತದ್ದು

2025ರ ಆಗಸ್ಟ್ 15. ಬೆಳಿಗ್ಗೆ ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿ, ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ಗಾಗಿ ಕೊಪ್ಪಳ ಸ್ಟೇಷನ್ನಿನಲ್ಲಿ ಕೂತಿದ್ದೆವು. ಪಕ್ಕದಲ್ಲಿ ನನ್ನ ತಮ್ಮನ ಮಗ, ಎಂಟನೇ ಕ್ಲಾಸಿನವನು. ಅವನ ತೊಡೆಯ ಮೇಲೆ 100 ಪುಟದ ನೋಟ್‌ಬುಕ್. ಅದರಲ್ಲಿ ನೇರಳೆ, ಹಸಿರು, ಹಳದಿ ಸ್ಕೆಚ್ ಪೆನ್ನಿನಲ್ಲಿ ಮೂರು ಪಟ್ಟಿ ಬರೆದಿದ್ದ. ಬೆಂಗಳೂರು ಮೆಟ್ರೊದ ಎಲ್ಲಾ ನಿಲ್ದಾಣಗಳ ಹೆಸರು.

"ಅತ್ತಿ, ಒಟ್ಟು 83 ಅದಾವ. ಎಲ್ಲಾ ಕಡೆ ಇಳಿಯೂಣಲ್ರೀ?" ಅಂದ.

ಇಳಿಯೋಣ ಅಂದೆ. ಅದಕ್ಕೇ ಹೊರಟಿದ್ದೆವು.

ನನಗೆ ಇದು ಬರೀ ಸುತ್ತಾಟ ಆಗಿರಲಿಲ್ಲ. 2018ರಲ್ಲಿ ಅಪ್ಪನಿಗೆ ಎದೆನೋವು ಬಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮೆಜೆಸ್ಟಿಕ್‌ನಲ್ಲಿ ಇಳಿದಾಗ ಇನ್ನೂ ಕತ್ತಲಿತ್ತು. ಯಾವ ಬಸ್ಸು, ಎಲ್ಲಿ ನಿಲ್ಲುತ್ತದೆ, ಎಲ್ಲಿ ಬದಲಾಯಿಸಬೇಕು ಒಂದೂ ಗೊತ್ತಿರಲಿಲ್ಲ. ಮೆಟ್ರೊ ಆಗಲೇ ಓಡುತ್ತಿತ್ತು. ಆದರೆ ಆ ಮೆಟ್ಟಿಲು ಇಳಿದು ಹೋಗಲು ಧೈರ್ಯ ಬರಲಿಲ್ಲ. ಆಟೋದವನು ಕೇಳಿದಷ್ಟು ಕೊಟ್ಟೆ. ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ. ಓದಿದ ಮಗಳು, ಮಕ್ಕಳಿಗೆ ಪಾಠ ಹೇಳುವವಳು, ನನಗೇ ಹೀಗಾದರೆ ಬೇರೆಯವರ ಗತಿ ಏನು ಅನ್ನೋದು ಅವತ್ತಿನಿಂದ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ನಮ್ಮ ಕಡೆಯಿಂದ ಎಷ್ಟೋ ಜನ ಕಾಯಿಲೆ ಕಟ್ಟಿಕೊಂಡೇ ಬೆಂಗಳೂರಿಗೆ ಹೋಗುತ್ತಾರೆ, ಅಲ್ವಾ? 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆ ಆಯಿತು. ಅದರಲ್ಲಿ ಜಯದೇವ ಆಸ್ಪತ್ರೆ ಅಂತಲೇ ಒಂದು ನಿಲ್ದಾಣ ಇದೆ ಅಂತ ಓದಿದ ದಿನವೇ ಹೋಗಬೇಕು ಅಂತ ತೀರ್ಮಾನ ಮಾಡಿದೆ.

ಹುಡುಗನದು ಬೇರೆ ಆಸೆ. ಅವನ ತಾಯಿಯ ತವರು ಕುಷ್ಟಗಿ. ಆ ಊರಿಗೆ ರೈಲು ಬಂದದ್ದೇ 2025ರ ಮೇ 15ಕ್ಕೆ, ಗದಗ–ವಾಡಿ ಹೊಸ ಮಾರ್ಗದಲ್ಲಿ ತಳಕಲ್‌ನಿಂದ ಕುಷ್ಟಗಿವರೆಗೆ ಹಳಿ ಮುಗಿದ ಮೇಲೆ. ಅವತ್ತು ಅಜ್ಜನ ಹೆಗಲ ಮೇಲಿಂದ ರೈಲು ನೋಡಿದ ಹುಡುಗ ಇವನು. ಅಲ್ಲಿಂದ ರೈಲೇ ಧ್ಯಾನ.

ಹೋಗುವ ಮೊದಲು ನಿಯಮ ಮಾಡಿಕೊಂಡೆವು. ರೈಲಿನಿಂದ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಹೆಸರಿನ ಫಲಕ ಓದಿ, ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದರೆ ಮಾತ್ರ ಆ ನಿಲ್ದಾಣ ಲೆಕ್ಕಕ್ಕೆ. ಕಿಟಕಿಯಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಎಲ್ಲಾ ಕಡೆ ಗೇಟ್ ದಾಟಿ ಹೊರಗೆ ಹೋಗುವುದು ಬೇಡ ಅಂದುಕೊಂಡೆವು. ಹೊರಗೆ ಹೋದರೆ ಪ್ರತಿ ಸಲ ಬ್ಯಾಗ್ ತಪಾಸಣೆ, ಅರ್ಧ ದಿನ ಅದಕ್ಕೇ ಹೋಗುತ್ತದೆ. ಹಾಗಂತ ಒಳಗೇ ಬೇಕಾದಷ್ಟು ಹೊತ್ತು ಇರುವಂತೆಯೂ ಇಲ್ಲ. ಅದಕ್ಕೆ ಮಿತಿ ಇದೆ. ಆದ್ದರಿಂದ ನಡುನಡುವೆ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಇದಕ್ಕೆ ಎಷ್ಟು ಸಲ ಬೇಕಾದರೂ ಓಡಾಡಬಹುದಾದ ಪ್ರವಾಸಿ ಪಾಸೇ ಸರಿ. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಆಗ ಕಡಿಮೆ ಟಿಕೆಟ್ 10 ರೂಪಾಯಿ, ಜಾಸ್ತಿ ಅಂದರೆ 90 ಇತ್ತು. ಬಿಡಿ ಟಿಕೆಟ್ ತಗೊಂಡು ಹೀಗೆ ತಿರುಗಿದರೆ ಕೈ ಸುಡುತ್ತದೆ.

ಶನಿವಾರ ಬೆಳಿಗ್ಗೆ ರೈಲಿನಿಂದ ಇಳಿದವರೇ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗ ಹಿಡಿದೆವು. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ 43 ಕಿಲೋಮೀಟರಿಗೂ ಜಾಸ್ತಿ, 37 ನಿಲ್ದಾಣ. ಮೊದಲು ಪೂರ್ವಕ್ಕೆ. ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್ ಎಲ್ಲಾ ನೆಲದಡಿ. ಕಬ್ಬನ್ ಪಾರ್ಕ್ ಬಿಟ್ಟ ಮೇಲೆ ರೈಲು ಮೇಲಕ್ಕೇರಿ ಒಮ್ಮೆಲೇ ಬೆಳಕಿಗೆ ಬರುತ್ತದೆ. ಆ ಕ್ಷಣ ನೋಡಲು ಹುಡುಗ ಎರಡು ಸಲ ಹಿಂದೆ ಹೋಗಿ ಬಂದ. ನಾನು ಬೇಡ ಅನ್ನಲಿಲ್ಲ.

ಇಲ್ಲಿ ಒಂದು ಉಪಾಯ ಕಲಿತೆವು. ಪ್ರತಿ ಸಲ ಮುಂದಿನ ರೈಲಿಗೇ ಕಾಯಬೇಕಿಲ್ಲ. ಎರಡು ನಿಲ್ದಾಣ ಮುಂದೆ ಹೋಗಿ ಇಳಿಯಬೇಕು. ಎದುರಿನ ರೈಲು ಮೊದಲು ಬಂದರೆ ಅದನ್ನು ಹತ್ತಿ, ಬಿಟ್ಟುಹೋದ ನಿಲ್ದಾಣಕ್ಕೆ ಹಿಂದೆ ಬರಬೇಕು. ಯಾವುದು ಮೊದಲು ಬಂತೋ ಅದು. ಆದರೆ ಇದು ನೆಲದಡಿಯ ನಿಲ್ದಾಣಗಳಲ್ಲಿ ಮಾತ್ರ ಸಲೀಸು. ಅಲ್ಲಿ ನಡುವೆ ಒಂದೇ ಪ್ಲಾಟ್‌ಫಾರ್ಮ್, ಎರಡೂ ಬದಿಗೆ ರೈಲು. ಬೆನ್ನು ತಿರುಗಿಸಿ ನಿಂತರೆ ಆಯಿತು. ಎತ್ತರದ ನಿಲ್ದಾಣಗಳಲ್ಲಿ ಹೆಚ್ಚಿನ ಕಡೆ ಎರಡು ಬದಿಗೆ ಎರಡು ಪ್ಲಾಟ್‌ಫಾರ್ಮ್. ಈ ಕಡೆಯಿಂದ ಆ ಕಡೆಗೆ ಹೋಗಲು ಕೆಳಗಿಳಿದು ಮತ್ತೆ ಹತ್ತಬೇಕು. ಟ್ರಿನಿಟಿ, ಹಲಸೂರಿನಲ್ಲಿ ಹಾಗೆ ಓಡಾಡಿ ನನ್ನ ಮೊಣಕಾಲು ನೋಯತೊಡಗಿತು. ಆಮೇಲೆ ಅಂಥ ಕಡೆ ಸುಮ್ನೆ ಮುಂದಿನ ರೈಲಿಗೇ ಕಾದೆವು. ನನ್ನ ವಯಸ್ಸಿನವರು ಇದನ್ನು ನೆನಪಿಡಿ.

ಬೈಯಪ್ಪನಹಳ್ಳಿಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತೆವು. 2011ರ ಅಕ್ಟೋಬರ್ 20ರಂದು ಮೊದಲ ಮೆಟ್ರೊ ಓಡಿದ್ದು ಇಲ್ಲಿಂದ ಎಂ.ಜಿ. ರಸ್ತೆಗೆ. ಅದರ ಮುಂದೆ ಕೆ.ಆರ್. ಪುರದವರೆಗಿನ ಎರಡು ಕಿಲೋಮೀಟರು ಚಿಲ್ಲರೆ ದೂರ ಮಾತ್ರ ಬಹಳ ದಿನ ಕೂಡಿರಲಿಲ್ಲ. ಆ ಕಡೆ ವೈಟ್‌ಫೀಲ್ಡ್‌ವರೆಗೆ 2023ರ ಮಾರ್ಚ್‌ನಲ್ಲೇ ರೈಲು ಓಡುತ್ತಿತ್ತು, ಈ ಕಡೆಯೂ ಓಡುತ್ತಿತ್ತು, ನಡುವಿನ ತುಂಡು ಕೂಡಿದ್ದು 2023ರ ಅಕ್ಟೋಬರ್ 9ಕ್ಕೆ. ಬೆನ್ನಿಗಾನಹಳ್ಳಿ ಹತ್ತಿರ ರೈಲ್ವೆ ಹಳಿಗಳ ಮೇಲೆ ಉಕ್ಕಿನ ಸೇತುವೆ ಕೂರಿಸಬೇಕಿತ್ತು. ಕಿಟಕಿಯಿಂದ ಆ ಸೇತುವೆ ಕಂಡಾಗ ಹುಡುಗ ಕೇಳಿದ: "ಅತ್ತಿ, ಇಲ್ಲಿ ತಂತಿನ ಇಲ್ಲಲ್ರೀ, ಕರೆಂಟ್ ಎಲ್ಲಿಂದ ಬರ್ತೈತಿ?" ಒಳ್ಳೆ ಪ್ರಶ್ನೆ. ಕೊಪ್ಪಳದ ಹಳಿಗೆ ಮೇಲೆ ತಂತಿ ಇದೆ, ಅದರಲ್ಲಿ 25,000 ವೋಲ್ಟ್. ಮೆಟ್ರೊದಲ್ಲಿ ಹಳಿಯ ಪಕ್ಕದಲ್ಲೇ ಮೂರನೇ ಒಂದು ಹಳಿ ಇರುತ್ತದೆ. ಅದರಲ್ಲಿ 750 ವೋಲ್ಟ್ ಡಿಸಿ ವಿದ್ಯುತ್ ಹರಿಯುತ್ತದೆ. ಮುಟ್ಟಿದರೆ ಜೀವ ಹೋಗುತ್ತದೆ. ಮೊಬೈಲ್ ಬಿತ್ತು, ಚಪ್ಪಲಿ ಬಿತ್ತು ಅಂತ ಹಳಿಗೆ ಇಳಿಯಲೇಬಾರದು. ಸಿಬ್ಬಂದಿಗೆ ಹೇಳಬೇಕು. ನಮ್ಮ ಊರಿನ ಸ್ಟೇಷನ್ನಿನಲ್ಲಿ ಜನ ಹಳಿ ದಾಟಿ ಆ ಕಡೆ ಹೋಗುವುದು ನೋಡಿ ಬೆಳೆದ ಹುಡುಗ. ಅದಕ್ಕೇ ಎರಡೆರಡು ಸಲ ಹೇಳಿದೆ. ಹಳಿಯ ಅಗಲವೂ ಬೇರೆ. ನಮ್ಮದು 1676 ಮಿಲಿಮೀಟರ್, ಮೆಟ್ರೊದ್ದು 1435.

ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ಮೆಟ್ರೊ ಒಳಗೆ ತಿನ್ನುವಂತಿಲ್ಲ. ವೈಟ್‌ಫೀಲ್ಡ್‌ನಲ್ಲಿ ಹೊರಗೆ ಬಂದು ನೆರಳು ಹುಡುಕಿ ತಿಂದೆವು.

ವಾಪಸ್ ಪಶ್ಚಿಮಕ್ಕೆ ಚಲ್ಲಘಟ್ಟದವರೆಗೆ ಹೋಗುವಾಗ ನೋಟ್‌ಬುಕ್ ನನ್ನ ಕೈಯಲ್ಲಿತ್ತು. ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ದೊಡ್ಡ ಶಹರ ಅಂತ ಹೆದರಿದ್ದೆನಲ್ಲ, ಪಟ್ಟಿ ನೋಡಿದರೆ ಅದು ಹಳ್ಳಿಗಳ ಸಾಲು. ನಾಯಂಡಹಳ್ಳಿ, ಕುಂದಲಹಳ್ಳಿ, ದಾಸರಹಳ್ಳಿ, ಜಾಲಹಳ್ಳಿ, ವಾಜರಹಳ್ಳಿ... ಹಳ್ಳಿ ಅಂತ ಮುಗಿಯುವ ಹೆಸರೇ 11 ಎಣಿಸಿದೆವು. ಪಾಳ್ಯಗಳು, ಅಗ್ರಹಾರಗಳು ಬೇರೆ. ಆಮೇಲೆ ನಾಗಸಂದ್ರ, ಚನ್ನಸಂದ್ರ, ದೊಡ್ಡಕಲ್ಲಸಂದ್ರ, ಹೊಂಗಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಈ 'ಸಂದ್ರ' ಅಂದರೆ ಸಮುದ್ರ, ಅಂದರೆ ಕೆರೆ. ಹುಡುಗನಿಗೆ ಹೇಳಿದೆ. ಅವನು ಸಂದ್ರ ಬಂದಾಗೆಲ್ಲಾ ಕಿಟಕಿಗೆ ಮುಖ ಹಚ್ಚಿ ನೀರು ಹುಡುಕಿದ. ಕಂಡಿದ್ದೆಲ್ಲಾ ತಾರಸಿ, ಸಿಂಟೆಕ್ಸ್ ಟ್ಯಾಂಕು. ಇಟಗಿ, ಕಿನ್ನಾಳ, ಹಿಟ್ನಾಳ ಅಂತ ಊರ ಹೆಸರು ಹೇಳಿ ಬೆಳೆದ ನನಗೆ ಆ ಹೆಸರುಗಳಿಂದಲೇ ಹೆದರಿಕೆ ಕಡಿಮೆ ಆಯಿತು. ಇವೂ ಯಾರದೋ ಊರು ಅನ್ನಿಸಿತು.

ಚಲ್ಲಘಟ್ಟದಿಂದ ಮತ್ತೆ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗದಲ್ಲಿ ಉತ್ತರಕ್ಕೆ ಮಾದಾವರದವರೆಗೆ ಹೋದೆವು. ಅಲ್ಲಿಗೆ ಕತ್ತಲಾಗಿತ್ತು. ರಾತ್ರಿ ವಿಜಯನಗರದಲ್ಲಿ ನಮ್ಮೂರ ಕಡೆಯವರ ಮನೆ. 53 ಮುಗಿಯಿತು ಅಂತ ಬರೆದು ಮಲಗಿದೆವು.

ಭಾನುವಾರ ಮೆಟ್ರೊ ಶುರುವಾಗುವುದೇ ಏಳು ಗಂಟೆಗೆ. ಆರ್.ವಿ. ರಸ್ತೆಗೆ ಹೋಗಿ ಹಳದಿ ಮಾರ್ಗಕ್ಕೆ ಬದಲಾಯಿಸಿದೆವು. ಬೊಮ್ಮಸಂದ್ರದವರೆಗೆ 19 ಕಿಲೋಮೀಟರು ಚಿಲ್ಲರೆ, 16 ನಿಲ್ದಾಣ. ಆರ್.ವಿ. ರಸ್ತೆಯನ್ನು ಹಸಿರು ಮಾರ್ಗದ ಲೆಕ್ಕಕ್ಕೆ ಬಿಟ್ಟರೆ 15. ನನಗೆ ಚಿಂತೆ ಇದ್ದದ್ದು ಇದರದೇ. ಆಗ ಆ ಮಾರ್ಗಕ್ಕೆ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಪ್ರತಿ ನಿಲ್ದಾಣದಲ್ಲಿ ಇಳಿದು ಮುಂದಿನದಕ್ಕೆ ಕಾದರೆ ಆರೂಕಾಲು ಗಂಟೆ ಬೇಕು.

ಇಲ್ಲಿ ನಮ್ಮ ಕೊಪ್ಪಳದ ಬುದ್ಧಿ ಕೆಲಸಕ್ಕೆ ಬಂತು. ನಮ್ಮ ಕಡೆ ಒಂಟಿ ಹಳಿ ಇದ್ದ ಕಾಲದಲ್ಲಿ ಭಾನಾಪುರದಲ್ಲೋ ಗಿಣಿಗೇರಾದಲ್ಲೋ ರೈಲು ನಿಂತುಬಿಡುತ್ತಿತ್ತು. "ಕ್ರಾಸಿಂಗ್ ಐತಿ" ಅನ್ನೋರು. ಎದುರಿನ ಗಾಡಿ ಬಂದ ಮೇಲೆಯೇ ನಮ್ಮದು ಹೊರಡಬೇಕು. ಯಾವ ಗಾಡಿ ಎಲ್ಲಿ ಎದುರಾಗುತ್ತದೆ ಅನ್ನೋದು ಅಪ್ಪನಿಗೆ ಬಾಯಿಪಾಠ. ಹಳದಿ ಮಾರ್ಗದಲ್ಲಿ ಎರಡು ಹಳಿ ಇದೆ, ಯಾರೂ ಯಾರಿಗೂ ಕಾಯುವುದಿಲ್ಲ. ಆದರೂ ಮೂರೇ ರೈಲು ಸಮನಾಗಿ ಓಡುವಾಗ ಎದುರುಬದುರು ಆಗುವ ಜಾಗ ಹೆಚ್ಚುಕಡಿಮೆ ಅವೇ. ಮೊದಲ ಸಲ ಕೊನೆವರೆಗೂ ಹೋಗುವಾಗ ಹುಡುಗ ಎದುರು ರೈಲು ಎಲ್ಲೆಲ್ಲಿ ದಾಟಿತು ಅಂತ ಬರೆದುಕೊಂಡ. ಆ ಜಾಗದ ಹತ್ತಿರ ಇಳಿದರೆ ನಾಲ್ಕೈದು ನಿಮಿಷದಲ್ಲಿ ವಾಪಸ್ ಹೋಗುವ ರೈಲು ಸಿಗುತ್ತದೆ. ಅದರಲ್ಲಿ ಹಿಂದೆ ಹೋಗಿ ಇನ್ನೊಂದು ನಿಲ್ದಾಣ ಮುಗಿಸಬಹುದು.

ಅಲ್ಲಿಂದ ದೂರದ ನಿಲ್ದಾಣಗಳಿಗೆ ಇನ್ನೊಂದು ಲೆಕ್ಕ. ಎರಡು ನಿಲ್ದಾಣಗಳ ನಡುವೆ ಸರಾಸರಿ ಒಂದೂಕಾಲು ಕಿಲೋಮೀಟರು. ಚುರುಕಾಗಿ ನಡೆದರೆ ಇಪ್ಪತ್ತು ನಿಮಿಷದೊಳಗೆ ತಲುಪಬಹುದು. ಅಂದರೆ ಆಗ ಕಾಯುವುದಕ್ಕಿಂತ ನಡೆಯುವುದೇ ಬೇಗ ಆಗುತ್ತಿತ್ತು. ಕೂಡ್ಲು ಗೇಟ್‌ನಿಂದ ಸಿಂಗಸಂದ್ರಕ್ಕೆ, ಅಲ್ಲಿಂದ ಹೊಸ ರೋಡ್ ನಿಲ್ದಾಣಕ್ಕೆ ಮೆಟ್ರೊ ಕಂಬಗಳನ್ನೇ ಗುರುತು ಮಾಡಿಕೊಂಡು ಹೊಸೂರು ರಸ್ತೆಯಲ್ಲಿ ನಡೆದೆವು. ಫುಟ್‌ಪಾತ್ ಎಲ್ಲಾ ಕಡೆ ಇಲ್ಲ, ಹುಷಾರಾಗಿ ನಡೆಯಬೇಕು. ಒಟ್ಟು ನಾಲ್ಕು ಗಂಟೆ ಚಿಲ್ಲರೆಯಲ್ಲಿ ಹದಿನೈದೂ ಮುಗಿಯಿತು. ಸಾಯಂಕಾಲ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಕ್ರಾಸಿಂಗ್ ನೋಡಿದ್ರೆನು?" ಅಂತ ಬಹಳ ಖುಷಿಪಟ್ಟರು.

ಜಯದೇವ ನಿಲ್ದಾಣವನ್ನು ನಾನು ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದೆ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಎರಡು ಅಂತಸ್ತಿನ ಸೇತುವೆ. ಕೆಳಗಿನ ಅಂತಸ್ತಿನಲ್ಲಿ ವಾಹನ, ಮೇಲಿನದರಲ್ಲಿ ಮೆಟ್ರೊ. ನಿಲ್ದಾಣ ಬಹಳ ಎತ್ತರದಲ್ಲಿದೆ. ರೋಗಿ ಜೊತೆ ಇರುವವರು ಮೆಟ್ಟಿಲಿಗೆ ಹೋಗದೆ ಲಿಫ್ಟ್ ಹುಡುಕುವುದೇ ಒಳ್ಳೇದು. ನಾವು ಇಳಿದಾಗ ವಯಸ್ಸಾದ ಗಂಡಹೆಂಡತಿ ಫಲಕದ ಕೆಳಗೆ ನಿಂತಿದ್ದರು. ಅಜ್ಜನ ತಲೆಗೆ ರುಮಾಲು, ಕೈಯಲ್ಲಿ ಬುತ್ತಿ ಚೀಲ.

"ತಂಗಿ, ದವಾಖಾನಿ ಇದೇ ಏನವಾ?" ಅಜ್ಜಿ ಕೇಳಿದರು.

ಮಾತು ಕೇಳಿದೊಡನೆ ಗೊತ್ತಾಯಿತು, ನಮ್ಮ ಕಡೆಯವರು. ಕಾರಟಗಿ. ಮಗನನ್ನು ಸೇರಿಸಿದ್ದಾರೆ, ನೋಡಲು ಬಂದಿದ್ದಾರೆ. ಲಿಫ್ಟಿನಲ್ಲಿ ಕೆಳಗೆ ಕರೆದುಕೊಂಡು ಹೋದೆವು. ಹುಡುಗ ಅಜ್ಜನ ಚೀಲ ಹಿಡಿದ. ಆಸ್ಪತ್ರೆ ಗೇಟಿನವರೆಗೆ ಬಿಟ್ಟು ಬರುವಷ್ಟರಲ್ಲಿ ಒಂದು ರೈಲು ತಪ್ಪಿತು. ಅವನು ನೋಟ್‌ಬುಕ್ಕಿನಲ್ಲಿ ಹೊತ್ತು ಬರೆಯುವುದನ್ನೇ ಮರೆತಿದ್ದ. ಆಮೇಲೆ ಕೇಳಿ ಬರೆದುಕೊಂಡ.

ಮಧ್ಯಾಹ್ನದ ಮೇಲೆ ಹಸಿರು ಮಾರ್ಗದ ದಕ್ಷಿಣ ಭಾಗ. ರೇಷ್ಮೆ ಸಂಸ್ಥೆವರೆಗೆ ಹೋಗಿ ಚಿಕ್ಕಪೇಟೆವರೆಗೆ ಬಂದೆವು. ಲಾಲ್‌ಬಾಗ್‌ನಲ್ಲಿ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆದಿತ್ತು. ಇಳಿಯಲು ಕಷ್ಟ ಆಗಲಿಲ್ಲ, ಮತ್ತೆ ಹತ್ತಲು ಆಗಲಿಲ್ಲ. ಎರಡು ರೈಲು ಬಿಟ್ಟು ಮೂರನೆಯದಕ್ಕೆ ನುಗ್ಗಿದೆವು.

ಮೆಜೆಸ್ಟಿಕ್‌ಗೆ ಬಂದು ಹೊತ್ತು ಬರೆದ ಹೆಸರುಗಳನ್ನು ಎಣಿಸಿದರೆ 82.

ಮೂರು ಸಲ ಎಣಿಸಿದೆವು. ಕೊನೆಗೆ ಸಿಕ್ಕಿತು. ಪೀಣ್ಯ ಮತ್ತು ಪೀಣ್ಯ ಇಂಡಸ್ಟ್ರಿ ಎರಡು ಬೇರೆ ನಿಲ್ದಾಣ. ಶನಿವಾರ ರಾತ್ರಿ ಪೀಣ್ಯದಲ್ಲಿ ಇಳಿದ ಮೇಲೆ ನಾನೇ ಎರಡಕ್ಕೂ ಗೆರೆ ಹೊಡೆದಿದ್ದೆ. ನಿದ್ದೆಗಣ್ಣಿನಲ್ಲಿ ಮುಂದಿನದನ್ನು ಕೂತೇ ದಾಟಿದ್ದೆವು. ಇಂಥ ಜೋಡಿ ಇನ್ನೂ ಇವೆ: ಕೆಂಗೇರಿ, ಕೆಂಗೇರಿ ಬಸ್ ಟರ್ಮಿನಲ್. ಕಾಡುಗೋಡಿ ಟ್ರೀ ಪಾರ್ಕ್, ವೈಟ್‌ಫೀಲ್ಡ್ ಕಾಡುಗೋಡಿ. ಊರಿಂದ ಹೋಗುವವರು ಪೂರ್ತಿ ಹೆಸರು ಬರೆದುಕೊಂಡೇ ಹೋಗಬೇಕು, ಅರ್ಧ ಹೆಸರು ನಂಬಬಾರದು.

ರಾತ್ರಿ ರೈಲಿಗೆ ಇನ್ನೂ ಹೊತ್ತಿತ್ತು. ಕಾಲು ನೋಯುತ್ತಿತ್ತು. "ಬಿಡೂಣೇನೋ?" ಅಂದೆ. ಹುಡುಗ ಏನೂ ಹೇಳದೆ ಹಸಿರು ಬಾಣದ ಕಡೆ ನಡೆಯತೊಡಗಿದ. ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿದು, ಫಲಕದ ಕೆಳಗೆ ನಿಂತು, 83 ಅಂತ ದೊಡ್ಡದಾಗಿ ಬರೆದ.

ಊರಿಗೆ ಬಂದ ಮೇಲೆ ಒಂದು ಹಾಳೆ ಮಾಡಿದೆ. ಹಂಪಿ ಎಕ್ಸ್‌ಪ್ರೆಸ್ ಇಳಿದು ಮೆಜೆಸ್ಟಿಕ್ ಮೆಟ್ರೊಗೆ ಬನ್ನಿ. ರೇಷ್ಮೆ ಸಂಸ್ಥೆ ಕಡೆ ಹೋಗುವ ಹಸಿರು ರೈಲು ಹತ್ತಿ. ಆರ್.ವಿ. ರಸ್ತೆಯಲ್ಲಿ ಇಳಿಯಿರಿ, ಗೇಟ್ ದಾಟಿ ಹೊರಗೆ ಹೋಗಬೇಡಿ, ಹಳದಿ ಗುರುತು ಹಿಡಿದು ನಡೆಯಿರಿ. ಬೊಮ್ಮಸಂದ್ರ ಕಡೆಯ ರೈಲು ಹತ್ತಿ. ಎರಡನೇ ನಿಲ್ದಾಣ ಜಯದೇವ. ದೊಡ್ಡ ಅಕ್ಷರದಲ್ಲಿ ಬರೆದು ಹತ್ತು ಝೆರಾಕ್ಸ್ ತೆಗೆಸಿ, ನಮ್ಮ ಓಣಿಯಲ್ಲಿ ಕೇಳಿದವರಿಗೆ ಕೊಟ್ಟೆ.

ಒಂದು ತಿಂಗಳ ಮೇಲೆ ಒಂದು ಬೆಳಿಗ್ಗೆ ಫೋನ್ ಬಂತು. ಎದುರು ಮನೆಯ ಹೆಣ್ಣುಮಗಳು, ಗಂಡನನ್ನು ಕರೆದುಕೊಂಡು ಹೋಗಿದ್ದಳು.

"ಅಕ್ಕಾರ, ಹಸಿರು ಇಳದೀವ್ರಿ. ಈಗ ಹಳದಿ ಎಲ್ಲೈತ್ರಿ?"

"ಗೇಟ್ ದಾಟಿಲ್ಲಲ್ಲ?"

"ಇಲ್ರಿ, ಹಾಳಿ ಕೈಯಾಗ ಐತ್ರಿ."

"ಹಂಗಾರ ಫಲಕ ನೋಡು, ಹಳದಿ ಬಾಣ ಐತಿ."

ಸ್ವಲ್ಪ ಹೊತ್ತು ಬರೀ ಗದ್ದಲ ಕೇಳಿಸಿತು. ಆಮೇಲೆ ಅವಳ ದನಿ: "ಕಂಡತ್ರಿ ಅಕ್ಕಾರ. ಇಡ್ತೀನ್ರಿ, ಗಾಡಿ ಬಂತು."