ಬಣ್ಣ ತೆಗೆದ ಮೇಲೆ ಹಚ್ಚುವ ಮುಲಾಮು

ಮೂಗಿನ ಇಕ್ಕೆಲದ ಮಡಿಕೆ, ಹುಬ್ಬು ಹಾಗೂ ಮೀಸೆಯ ಬುಡದಲ್ಲಿ ಚರ್ಮ ಕೆಂಪಾಗಿ, ಹಳದಿ ಜಿಡ್ಡಿನ ಹೊಟ್ಟು ಏಳುವ ಸೆಬೊರಿಕ್ ಡರ್ಮಟೈಟಿಸ್ ಬದಿಯಡ್ಕದ ನನ್ನ ಕ್ಲಿನಿಕ್ಕಿಗೆ ಹೊಸದೇನಲ್ಲ. ಆದರೆ ಅದಕ್ಕೆ ಮುಲಾಮು ಬರೆದುಕೊಡುವಾಗ ಏನೇನು ಕೇಳಬೇಕೆಂಬುದನ್ನು ನಾನು ಕಲಿತದ್ದು ತೆಂಕುತಿಟ್ಟಿನ ಯಕ್ಷಗಾನ ಕಲಾವಿದರೊಬ್ಬರಿಂದ.

ನಲವತ್ತು ದಾಟಿದ ಅವರು ಬುಡದಿಂದ ಸುರುಳಿ ಸುತ್ತಿದ ಟ್ಯೂಬೊಂದನ್ನು ಅಂಗಿಯ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, “ಡಾಕ್ಟ್ರೇ, ಇದು ಹಚ್ಚಿದ್ರೆ ಎರಡೇ ದಿನದಲ್ಲಿ ಹೋಗ್ತದೆ, ಬಿಟ್ರೆ ಮೊದಲಿಗಿಂತ ಜೋರು ಬರ್ತದೆ” ಎಂದರು. ಅದು ಕ್ಲೋಬೆಟಸೋಲ್, ಮುಖಕ್ಕೆ ಸಲ್ಲದ, ಅತಿ ತೀಕ್ಷ್ಣವಾದ ಸ್ಟೀರಾಯ್ಡ್. ಕೆನ್ನೆಯಲ್ಲಿ ಕೂದಲೆಳೆಯಂಥ ರಕ್ತನಾಳಗಳು ಆಗಲೇ ಕಾಣುತ್ತಿದ್ದವು. ಅದನ್ನು ನಿಲ್ಲಿಸಿ, ಶಿಲೀಂಧ್ರನಾಶಕವಾದ ಶೇ. 2ರ ಕೀಟೋಕೊನಜೋಲ್ ಕ್ರೀಮನ್ನು ದಿನಕ್ಕೆರಡು ಸಲ, ಮೊದಲ ಐದು ದಿನ ಮಾತ್ರ ಸೌಮ್ಯ ಸ್ಟೀರಾಯ್ಡಾದ ಶೇ. 1ರ ಹೈಡ್ರೋಕಾರ್ಟಿಸೋನನ್ನು ಒಂದು ಸಲ ಹಚ್ಚಲು ಬರೆದುಕೊಟ್ಟೆ.

ಮೂರು ವಾರದ ಬಳಿಕ ಬಂದಾಗ ಮುಖ ಹೆಚ್ಚುಕಡಿಮೆ ಹಾಗೆಯೇ ಇತ್ತು. ರಾತ್ರಿಯ ಮುಲಾಮು ಯಾವಾಗ ಹಚ್ಚುತ್ತೀರಿ ಎಂದು ಅಂದೇ ಮೊದಲ ಬಾರಿಗೆ ಕೇಳಿದೆ. “ಚೌಕಿಯಲ್ಲೇ, ಬಣ್ಣ ತೆಗೆದ ಕೂಡಲೇ.” ಚೌಕಿಯೆಂದರೆ ವೇಷ ಕಟ್ಟುವ, ಬಿಚ್ಚುವ ಬಣ್ಣದ ಮನೆ. ಬಣ್ಣ ತೆಗೆಯುವುದು ತೆಂಗಿನೆಣ್ಣೆಯಲ್ಲಿ, ಬಟ್ಟೆಯಲ್ಲಿ ಒರೆಸಿದ ಮೇಲೂ ಉಳಿಯುವ ಎಣ್ಣೆಯ ಪಸೆಯ ಮೇಲೆಯೇ ಕ್ರೀಮು ಕೂರುತ್ತಿತ್ತು. ಈ ಕಾಯಿಲೆಯ ಹಿಂದಿರುವ ಮಲಸೀಜಿಯಾ ಶಿಲೀಂಧ್ರವು ಚರ್ಮದ ಜಿಡ್ಡನ್ನೇ ಉಂಡು ಬದುಕುವಂಥದ್ದು. ತಪ್ಪು ಅವರದಲ್ಲ, ಕೇಳದೆ ಬರೆದ ನನ್ನದು.

ಮೇಳ ಊರೂರು ಸುತ್ತಿ ಆಟ ಆಡುವ ತಿರುಗಾಟದ ನಡುವೆ ಬಣ್ಣ ಹಚ್ಚಬೇಡಿ ಎನ್ನುವುದರಲ್ಲಿ ಅರ್ಥವಿಲ್ಲ. ಎಣ್ಣೆಯಲ್ಲಿ ಬಣ್ಣ ತೆಗೆದ ಬಳಿಕ ಮೃದುವಾದ ಸೋಪಿನಿಂದ ಜಿಡ್ಡು ಹೋಗುವಂತೆ ತೊಳೆದು, ಉಜ್ಜದೆ ಒತ್ತಿ ಒರೆಸಿ, ಆಮೇಲೆ ಕ್ರೀಮು ಹಚ್ಚಲು ಹೇಳಿದೆ. ಮೀಸೆಯ ಕೂದಲನ್ನು ಬೆರಳಿನಿಂದ ಸರಿಸಿ ಚರ್ಮಕ್ಕೇ ತಾಗಿಸುವುದನ್ನು ಕನ್ನಡಿಯೆದುರು ಮಾಡಿ ತೋರಿಸಿದೆ. ಮಾತಿನಲ್ಲಿ ಹೇಳಿದರೆ ಹೆಚ್ಚಿನವರು ಕೂದಲಿಗಷ್ಟೇ ಸವರಿಕೊಳ್ಳುತ್ತಾರೆ. ಸ್ಟೀರಾಯ್ಡ್ ಬಿಟ್ಟ ಬಳಿಕ ಉಳಿದಿದ್ದ ಕೆಂಪಿಗೆ ಮಲಗುವ ಮುನ್ನ ಸ್ಟೀರಾಯ್ಡಲ್ಲದ ಮುಲಾಮಾದ ಶೇ. 0.1ರ ಟ್ಯಾಕ್ರೋಲಿಮಸ್ ಸೇರಿಸಿದೆ. ಮೊದಲ ಕೆಲವು ದಿನ ಉರಿಯುತ್ತದೆ ಎಂದು ಮುಂಚಿತವಾಗಿ ಹೇಳಿದ್ದರೂ ಮೂರನೆಯ ದಿನ ಫೋನು ಬಂತು. ತಲೆಹೊಟ್ಟಿಗೆ ವಾರಕ್ಕೆರಡು ಸಲ ಕೀಟೋಕೊನಜೋಲ್ ಶಾಂಪೂ, ಐದು ನಿಮಿಷ ಬಿಟ್ಟು ತೊಳೆಯುವಂತೆ.

ನಾಲ್ಕು ವಾರದಲ್ಲಿ ಹೊಟ್ಟು ಹೋಯಿತು. ಅಲ್ಲಿ ಉಳಿದ ಬಿಳಿಚು ಕಲೆಗಳನ್ನು ಕಂಡು ತೊನ್ನೇ ಎಂದು ಹೆದರಿದ್ದರು. ಕೆಲವು ತಿಂಗಳಲ್ಲಿ ಬಣ್ಣ ಮರಳಿತು. ಇದು ಮತ್ತೆ ಮತ್ತೆ ಮರುಕಳಿಸುವ ಕಾಯಿಲೆಯಾದ್ದರಿಂದ ವಾರಕ್ಕೆರಡು ಸಲ ಕ್ರೀಮು ಮುಂದುವರಿಸಲು ಹೇಳಿದ್ದೆ. ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ಅದನ್ನು ಮರೆತರು. ಮುಂದಿನ ತಿರುಗಾಟದ ನಿದ್ದೆಗೆಟ್ಟ ಮೊದಲ ವಾರಗಳಲ್ಲೇ ಹುಬ್ಬಿನಲ್ಲಿ ಹೊಟ್ಟು ಎದ್ದಿತು. ಈಗ ಟ್ಯೂಬನ್ನು ಸೋಪಿನ ಡಬ್ಬಿಯೊಳಗೇ ಇಟ್ಟುಕೊಂಡು ಚೌಕಿಗೆ ಹೋಗುತ್ತಾರೆ.