ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ತಗೋತೀರಾ? ಬಣ್ಣ ಆಮೇಲೆ, ಮೊದ್ಲು ನೆಕ್ ನೋಡಿ

ನಾನು ಮೊದಲ್ನೇ ಬೇಸ್ ತಗೊಂಡಿದ್ದು ರಾತ್ರಿ ಎಂಟೂವರೆಗೆ, ಬೆಂಗಳೂರಿನ ಒಂದು ಪಿಜಿ ಮೆಟ್ಲ ಹತ್ರ. ಕೆಂಪು ಬಣ್ಣ, ಫಳಫಳ ಹೊಳೀತಿತ್ತು. ಮಾರೋ ಹುಡುಗನಿಗೆ ಬೆಳಗ್ಗೆ ಊರಿಗೆ ಬಸ್ಸಿತ್ತು, ನನಗೂ ಅವಸರ, ದುಡ್ಡು ಕೊಟ್ಟು ಹೆಗಲಿಗೆ ಹಾಕ್ಕೊಂಡು ಬಂದ್ಬಿಟ್ಟೆ. ಮನೇಲಿ ನುಡಿಸೋಕೆ ಕೂತ್ರೆ ನೆಕ್ (ಎಡಗೈಲಿ ಹಿಡಿಯೋ ಉದ್ದನೇ ಭಾಗ) ಮೇಲಿರೋ ಹನ್ನೆರಡನೇ ಫ್ರೆಟ್ (ಅಡ್ಡ ಲೋಹದ ಪಟ್ಟಿ) ಹತ್ರ ತಂತಿ ಎಷ್ಟು ಮೇಲಿತ್ತು ಅಂದ್ರೆ ಹತ್ತು ನಿಮಿಷಕ್ಕೆ ಬೆರಳು ಉರಿಯೋಕೆ ಶುರುವಾಯ್ತು. ಗಿಟಾರ್ ರಿಪೇರಿ ಮಾಡೋ ಒಬ್ರು ಹಿರಿಯರ ಹತ್ರ ತಗೊಂಡು ಹೋದೆ. ಅವ್ರು ಹೆಡ್‌ಸ್ಟಾಕ್ (ನೆಕ್ ತುದೀಲಿರೋ ತಲೆ) ಮೇಲಿರೋ ಸಣ್ಣ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ತೋರಿಸಿದ್ರು, ಒಳಗಿರೋ ಟ್ರಸ್ ರಾಡ್ ತಿರುಪಿನ ಆರು ಮೂಲೇನೂ ಸವೆದು ದುಂಡಗಾಗಿತ್ತು. ಯಾರೋ ಸೈಜ್ ಸರಿ ಇಲ್ದಿರೋ ಅಲೆನ್ ಕೀ ತುರುಕಿ ಬಲವಾಗಿ ತಿರುಗಿಸಿದ್ರು. "ಬಣ್ಣ ನೋಡಿ ತಗೊಂಡ್ಯೇನಪ್ಪಾ, ನೆಕ್ ನೋಡ್ಬೇಕಿತ್ತಲ್ವಾ" ಅಂದ್ರು. ಅವತ್ತಿಂದ ಯಾರಾದ್ರೂ ಬೇಸ್ ತಗೋಬೇಕು ಅಂತ ಕೇಳಿದ್ರೆ ನಾನು ಹೇಳೋದೂ ಅದನ್ನೇ.

ಯಾಕಂದ್ರೆ ಬೇಸಲ್ಲಿ ಮಿಕ್ಕಿದ್ದೆಲ್ಲಾ ಬದಲಾಯಿಸ್ಬೋದು, ಪಿಕಪ್ಪು (ತಂತಿ ಕಂಪನ ಹಿಡಿಯೋದು), ನಾಬು, ಜ್ಯಾಕು, ಬ್ರಿಜ್ಜು (ತಂತಿ ಬುಡ ಕೂರೋದು), ಟ್ಯೂನರ್ (ತಂತಿ ಬಿಗಿ ಮಾಡೋ ಕಿವಿ) ಎಲ್ಲಾನೂ ಅಂಗಡೀಲಿ ಸಿಗತ್ತೆ. ನೆಕ್ ಕೆಟ್ರೆ ಮಾತ್ರ ರಿಪೇರಿ ಖರ್ಚು ಬೇಸಿನ ಬೆಲೆ ಮುಟ್ಟಿಬಿಡತ್ತೆ. ಮಾಮೂಲಿ ಸೈಜಿನ ನಾಲ್ಕು ತಂತಿ ಶ್ರುತಿಗೆ ಬಂದಾಗ ಎಲ್ಲಾ ಸೇರಿ ಸುಮಾರು 80 ಕೆ.ಜಿ. ಎಳೆತ ಇರತ್ತೆ, ಹಗಲೂ ರಾತ್ರಿ, ನೀವು ನುಡಿಸಿದ್ರೂ ಬಿಟ್ರೂ. ಅಷ್ಟು ಎಳೆತಕ್ಕೆ ನೆಕ್ ಬಿಲ್ಲಿನ ಥರ ಬಗ್ಗಬಾರ್ದು ಅಂತಾನೇ ಒಳಗೆ ಒಂದು ಉಕ್ಕಿನ ಸರಳು ಇಟ್ಟಿರ್ತಾರೆ, ಅದೇ ಟ್ರಸ್ ರಾಡ್. ಆರು ತಂತಿ ಗಿಟಾರಿಗಿಂತ ಇಲ್ಲಿ ನೆಕ್ ಉದ್ದಾನೂ ಜಾಸ್ತಿ, 1951ರಲ್ಲಿ ಲಿಯೋ ಫೆಂಡರ್ ಪ್ರೆಸಿಷನ್ ಬೇಸ್ ತಂದಾಗ ಇಟ್ಟ 34 ಇಂಚಿನ ಸ್ಕೇಲೇ (ನುಡಿಯೋ ತಂತಿ ಉದ್ದ) ಇವತ್ತಿಗೂ ಹೆಚ್ಚಿನ ಬೇಸುಗಳಲ್ಲಿ ಇರೋದು.

ನೋಡೋಕೆ ಹೋಗೋ ಮುಂಚೆ

ಮೊದಲ್ನೇ ಬೇಸು ಅಂದ್ರೆ ನಾಲ್ಕು ತಂತಿದೇ ಸಾಕು, ಐದು ತಂತಿ ಆಸೆ ಇದ್ರೆ ಒಂದು ವರ್ಷ ತಡೀರಿ. ಯಮಹಾ ಟಿಆರ್‌ಬಿಎಕ್ಸ್ 174, ಐಬನೆಜ್ ಜಿಎಸ್‌ಆರ್ 200, ಸ್ಕ್ವಯರ್, ಕಾರ್ಟ್ ಆಕ್ಷನ್, ಈ ಥರದವು ಕಲಿಯೋರ ಕೈಲಿ ಚೆನ್ನಾಗಿ ನಡೆಯತ್ತೆ, ಮಾರೋಕೆ ಹೋದಾಗ್ಲೂ ಕೇಳೋರು ಇರ್ತಾರೆ. ಇಂಜಿನಿಯರಿಂಗ್ ಫೈನಲ್ ಇಯರ್ ಮುಗಿಸಿ ಊರು ಬಿಡೋರು, ಎಂಎಸ್ ಮಾಡೋಕೆ ಹೊರದೇಶಕ್ಕೆ ಹೊರಟೋರು, ಇವ್ರ ಹತ್ರ ಒಳ್ಳೇ ಬೇಸು ಸಿಗೋದು ಜಾಸ್ತಿ, ಕವರ್ ಒಳಗೇ ಕೂತಿರತ್ತೆ ಪಾಪ.

ಫೋನಲ್ಲೇ ಒಂದಷ್ಟು ಕೇಳ್ಬಿಡಿ. ಬಿಲ್ ಇದ್ಯಾ, ಸೀರಿಯಲ್ ನಂಬರ್ ಫೋಟೋ ಕಳಿಸ್ತೀರಾ, ನೆಕ್ ಹಿಂದಿನ ಫೋಟೋ ಕಳಿಸ್ತೀರಾ, ಟ್ರಸ್ ರಾಡ್ ಕೀ ಇದ್ಯಾ. ಕೀ ಇದ್ಯಾ ಅಂತ ಕೇಳಿದ ತಕ್ಷಣ ಆ ಕಡೆಯವ್ರು ಬೇಸನ್ನ ಹೆಂಗೆ ಇಟ್ಕೊಂಡಿದ್ದಾರೆ ಅನ್ನೋದು ಅರ್ಧ ಗೊತ್ತಾಗ್ಬಿಡತ್ತೆ. ನೋಡೋದಕ್ಕೆ ಹಗಲು ಹೊತ್ತು ಹೋಗಿ, ಅಡ್ವಾನ್ಸ್ ಮಾತ್ರ ಹಾಕ್ಬೇಡಿ.

ಕೈಗೆ ತಗೊಂಡಾಗ

ಮೊದ್ಲು ಟ್ಯೂನ್ ಮಾಡಿ, ತಂತಿ ಸಡಿಲ ಇರುವಾಗ ನೆಕ್ ನೋಡಿದ್ರೆ ಏನೂ ಗೊತ್ತಾಗಲ್ಲ. ಆಮೇಲೆ ಬಡಗಿ ರೀಪರ್ ನೆಟ್ಟಗಿದ್ಯಾ ಅಂತ ಒಂದು ಕಣ್ಣು ಮುಚ್ಚಿ ನೋಡ್ತಾನಲ್ಲ ಹಂಗೇ ಬೇಸಿನ ತಲೆ ಕಡೆಯಿಂದ ನೆಕ್ ಉದ್ದಕ್ಕೂ ನೋಡಿ. ದಪ್ಪ ತಂತಿ ಕಡೆ ಅಂಚು, ಸಣ್ಣ ತಂತಿ ಕಡೆ ಅಂಚು, ಎರಡೂ ಒಂದೇ ಥರ ಹೋಗ್ಬೇಕು. ಸ್ವಲ್ಪ ಒಳಬಾಗು ಇದ್ರೆ ಪರವಾಗಿಲ್ಲ, ಅದು ಇರ್ಲೇಬೇಕು, ಆದ್ರೆ ಒಂದು ಅಂಚು ಬಗ್ಗಿ ಇನ್ನೊಂದು ನೆಟ್ಟಗಿದ್ರೆ ನೆಕ್ ತಿರುಚಿದೆ ಅಂತ, ಅದನ್ನ ಟ್ರಸ್ ರಾಡ್ ಸರಿ ಮಾಡಲ್ಲ, ಎಷ್ಟು ಕಮ್ಮಿಗೆ ಕೊಟ್ರೂ ಬೇಡ.

ಮುಂದೆ ಟ್ರಸ್ ರಾಡ್. ಓನರ್ ಹತ್ರ ಕೇಳಿ, ಅವ್ರ ಎದುರಿಗೇ ಸರಿಯಾದ ಕೀ ಹಾಕಿ ಒಂದು ಚೂರು, ಎಂಟನೇ ಒಂದು ಸುತ್ತು, ಸಡಿಲ ಮಾಡಿ ಮತ್ತೆ ವಾಪಸ್ ತನ್ನಿ. ಕೀ ಗಟ್ಟಿಯಾಗಿ ಕೂರ್ಬೇಕು, ತಿರುಗುವಾಗ ಹಿಡಿತ ಗೊತ್ತಾಗ್ಬೇಕು. ಅಲ್ಲಾಡದೇ ಕೂತಿದ್ರೆ ಅಥ್ವಾ ಕೀ ಜಾರ್ತಿದ್ರೆ ನನ್ನ ಕೆಂಪು ಬೇಸಿನ ಕಥೇನೇ ಅದು. ತಿರುಗಿಸೋಕೆ ಬಿಡಲ್ಲ ಅಂದ್ರೆ ಮುಚ್ಚಳ ತೆಗೆದು ಟಾರ್ಚಲ್ಲಿ ಮೂಲೆಗಳನ್ನಾದ್ರೂ ನೋಡ್ಲೇಬೇಕು.

ಆಮೇಲೆ ಒಂದೊಂದು ತಂತೀಲೂ ಒಂದೊಂದು ಫ್ರೆಟ್ ಒತ್ತಿ ನುಡಿಸ್ತಾ ಹೋಗಿ, ಬೇಜಾರಾದ್ರೂ ಬಿಡ್ಬೇಡಿ. ಒಂದೇ ಕಡೆ ಝುರ್ ಅಂದ್ರೆ ಅಲ್ಲೊಂದು ಫ್ರೆಟ್ ಎದ್ದಿದೆ ಅಂತ, ಎಲ್ಲಾ ಕಡೆ ಝುರ್ ಅಂದ್ರೆ ಹೆಚ್ಚಾಗಿ ಸೆಟಪ್ (ನೆಕ್ ಬಾಗು, ತಂತಿ ಎತ್ತರ ಹೊಂದಿಸೋದು) ಸಮಸ್ಯೆ, ಅದು ಮನೇಲೇ ಹೋಗತ್ತೆ. ತೀರಾ ಸಣ್ಣದಾದ ಜಿ ತಂತೀಲಿ 5ರಿಂದ 7ನೇ ಫ್ರೆಟ್ ಮಧ್ಯೆ ಒಂದು ಸ್ವರ ಬೇಗ ಸತ್ತಂಗೆ ಆದ್ರೆ ಗಾಬರಿ ಬೇಡ, ಫೆಂಡರ್ ಮಾದರಿ ಬೇಸುಗಳಲ್ಲಿ ಅದು ತೀರಾ ಸಾಮಾನ್ಯ.

ಪ್ಲಗ್ ಮಾಡಿ ನಾಬೆಲ್ಲಾ ತಿರುಗಿಸಿ. ಕರಕರ ಸದ್ದು ಬಂದ್ರೆ ಒಳಗೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಗೆ ಹೋಗತ್ತೆ, ಅದನ್ನ ತೋರಿಸಿ ಒಂದೈನೂರು ಚೌಕಾಸಿ ಮಾಡ್ಬೋದು. ಜಾಝ್ ಬೇಸ್ ಥರ ಎರಡು ಸಿಂಗಲ್ ಕಾಯಿಲ್ (ಒಂದೇ ಸುರುಳಿ ಇರೋ) ಪಿಕಪ್ ಇರೋದಾದ್ರೆ ಎರಡೂ ವಾಲ್ಯೂಮ್ ಪೂರ್ತಿ ಇಟ್ಟಾಗ ಗುಂಯ್ ಅನ್ನೋದು ನಿಲ್ಲತ್ತೆ, ಒಂದನ್ನ ಇಳಿಸಿದ್ರೆ ಶುರುವಾಗತ್ತೆ, ಅದರ ವೈರಿಂಗೇ ಹಂಗೆ. ಆಕ್ಟಿವ್ ಬೇಸಾದ್ರೆ, ಅಂದ್ರೆ ಒಳಗೆ ಬ್ಯಾಟ್ರೀಲಿ ನಡೆಯೋ ಸರ್ಕ್ಯೂಟ್ ಇರೋದಾದ್ರೆ, ಹಿಂದೆ 9 ವೋಲ್ಟ್ ಬ್ಯಾಟ್ರಿ ಇರತ್ತೆ, ಆ ಡಬ್ಬಿ ತೆಗೆದು ನೋಡಿ, ಹಳೇ ಬ್ಯಾಟ್ರಿ ಸೋರಿ ಬಿಳಿ ಪುಡಿ ಕಟ್ಟಿದ್ರೆ ವೈರೂ ತಿಂದಿರತ್ತೆ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಫ್ರೆಟ್‌ಬೋರ್ಡ್ (ಫ್ರೆಟ್ ಕೂರಿಸಿರೋ ಮರದ ಪಟ್ಟಿ) ಕಡುಕಂದು ಇದ್ರೆ ಅದು ಇಂಡಿಯನ್ ರೋಸ್‌ವುಡ್ ಇರ್ಬೋದು, ಅಂದ್ರೆ ನಮ್ಮ ಮಲೆನಾಡಿನ ಬೀಟೆ ಮರಾನೇ. 2017ರಲ್ಲಿ ಸೈಟೀಸ್ ಅನ್ನೋ, ಅಪಾಯದಲ್ಲಿರೋ ಗಿಡ ಪ್ರಾಣಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಒಪ್ಪಂದದಲ್ಲಿ ಬೀಟೆ ಜಾತಿ ಮರಗಳಿಗೆಲ್ಲಾ ಪರ್ಮಿಟ್ ಕಟ್ಟುಪಾಡು ಬಂತು, ಆಗ ಕಂಪನಿಗಳು ಲಾರೆಲ್, ಪಾವ್ ಫೆರೋ ಅಂತ ಬೇರೆ ಮರಗಳಿಗೆ ಹೋದ್ವು, ಪೂರ್ತಿ ರೆಡಿಯಾಗಿರೋ ವಾದ್ಯಗಳಿಗೆ 2019ರಲ್ಲಿ ವಿನಾಯ್ತಿ ಸಿಕ್ತು. ಅದಕ್ಕೇ ಒಂದೇ ಮಾಡೆಲ್ಲಿಗೆ ಒಂದೊಂದು ವರ್ಷ ಒಂದೊಂದು ಮರ ಇರತ್ತೆ, ಡೂಪ್ಲಿಕೇಟ್ ಅಂತ ಹೆದ್ರಬೇಡಿ. ಕಾಡಲ್ಲಿ ಬೀಟೆ ನೋಡಿದೋರಿಗೆ ಅದರ ಮೇಲೆ ಬೆರಳಿಟ್ಟಾಗ ಆಗೋ ಖುಷೀನೇ ಬೇರೆ.

ಆಂಪ್ (ಆಂಪ್ಲಿಫೈಯರ್) ವಿಷ್ಯ

ದಪ್ಪ ಇ ತಂತಿ ಬಿಟ್ಟು ನುಡಿಸಿದ್ರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸತ್ತೆ, ಅದನ್ನ ಸಣ್ಣ ಗಿಟಾರ್ ಆಂಪ್ ತಡ್ಕೊಳ್ಳಲ್ಲ, ಜೋರಾಗಿಟ್ರೆ ಸ್ಪೀಕರ್ ಹರಿಯತ್ತೆ. ರೂಮಲ್ಲಿ ಅಭ್ಯಾಸಕ್ಕೆ 15-25 ವ್ಯಾಟಿನ ಬೇಸ್ ಆಂಪು ಅಥ್ವಾ ಒಂದು ಆಡಿಯೋ ಇಂಟರ್‌ಫೇಸು (ಬೇಸನ್ನ ಕಂಪ್ಯೂಟರಿಗೆ ಸೇರ್ಸೋ ಡಬ್ಬಿ) ಹೆಡ್‌ಫೋನು ಸಾಕು, ಡ್ರಮ್ಸ್ ಜೊತೆ ನುಡಿಸ್ಬೇಕಾದ್ರೆ ಜ್ಯಾಮ್ ರೂಮಲ್ಲಿ (ಬ್ಯಾಂಡ್ ಅಭ್ಯಾಸದ ರೂಮು) ದೊಡ್ಡ ಆಂಪು ಅಲ್ಲೇ ಇರತ್ತೆ. ಅಮೆರಿಕಾದಲ್ಲಿರೋ ಅಣ್ಣನೋ ಭಾವನೋ ಆಂಪ್ ತರ್ತೀನಿ ಅಂದ್ರೆ ಬೇಸ್ ಸಾಕು ಅಂತ ಹೇಳಿ, ಅಲ್ಲಿ 120 ವೋಲ್ಟು, ನಮ್ಮಲ್ಲಿ 230, ಹಿಂದೆ ವೋಲ್ಟೇಜ್ ಬದಲಾಯಿಸೋ ಸ್ವಿಚ್ ಇಲ್ದಿದ್ರೆ ಹಾಕಿದ ತಕ್ಷಣ ಸುಟ್ಟೋಗತ್ತೆ.

ಮನೇಲಿ ಸೆಟಪ್

ಇದು ನನಗೆ ತುಂಬಾ ಇಷ್ಟದ ಕೆಲ್ಸ. ಈ ಬೇಸ್ ಸರಿ ಇಲ್ಲ, ಬೇರೆ ತಗೋಬೇಕು ಅಂತ ಬಂದೋರ ಕೈಲಿ ಒಂದು ಭಾನುವಾರ ಕೂತು ಸೆಟಪ್ ಮಾಡಿಸಿ ನುಡಿಸಿದ್ರೆ, ಹೊಸದು ಬೇಡ ಅಂತ ಎಷ್ಟು ಜನ ವಾಪಸ್ ಹೋಗಿದ್ದಾರೆ. ಬೇಕಾಗಿರೋದು ಸರಿ ಸೈಜಿನ ಅಲೆನ್ ಕೀಗಳು, ಸ್ಕ್ರೂಡ್ರೈವರ್, ಶ್ರುತಿ ತೋರ್ಸೋ ಟ್ಯೂನರ್, ಮಿಲಿಮೀಟರ್ ಇರೋ ಸ್ಟೀಲ್ ಸ್ಕೇಲು, ಒಂದು ಕ್ಯಾಪೋ (ತಂತಿಗಳನ್ನ ಫ್ರೆಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು), ಒಂದು ವಿಸಿಟಿಂಗ್ ಕಾರ್ಡು. ಕ್ರಮ ಮಾತ್ರ ತಪ್ಪಿಸ್ಬೇಡಿ, ಒಂದು ಸರಿಯಾಗ್ದೆ ಮುಂದಿಂದು ಸರಿಯಾಗಲ್ಲ.

ಮೊದ್ಲು ಹೊಸ ತಂತಿ. 45-105 ಇಲ್ಲಾ 45-100 ಸೆಟ್ (ಸಣ್ಣ ತಂತಿಯಿಂದ ದಪ್ಪ ತಂತಿ ತನಕ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ತಗೊಳ್ಳಿ, ಶುರುವಿಗೆ ಅದೇ ಸರಿ. ಟ್ಯೂನರ್ ಕಂಬದಲ್ಲಿ ಸೀಳು ಇದ್ರೆ ತಂತೀನ ಕಂಬ ದಾಟಿ ಒಂದು 10-12 ಸೆಂಟಿಮೀಟರ್ ಬಿಟ್ಟು ಕಟ್ ಮಾಡಿ, ತುದೀನ ಕಂಬದ ನಡುವಿನ ತೂತಿಗೆ ಕೆಳಗಿನ ತನಕ ಇಳಿಸಿ ಬಗ್ಗಿಸಿ, ಮೇಲಿಂದ ಕೆಳಕ್ಕೆ ಎರಡು ಮೂರು ಸುತ್ತು ಬರೋ ಹಂಗೆ ಸುತ್ತಿ. ತೀರಾ ಗಿಡ್ಡ ಕಟ್ ಮಾಡಿದ್ರೆ ಸೆಟ್ಟೇ ವೇಸ್ಟು, ಹಾಗಾಗಿ ಎರಡು ಸಲ ಅಳೀರಿ.

ಈಗ ನೆಕ್ಕಿನ ಬಾಗು. ಟ್ಯೂನ್ ಮಾಡಿ, ಮೊದಲ್ನೇ ಫ್ರೆಟ್ಟಿಗೆ ಕ್ಯಾಪೋ ಹಾಕಿ, ನೆಕ್ ಬಾಡಿಗೆ ಸೇರೋ ಕಡೆ ಇರೋ ಫ್ರೆಟ್ ಮೇಲೆ ಇ ತಂತಿ ಒತ್ತಿ ಹಿಡೀರಿ. ಈ ಎರಡರ ಮಧ್ಯೆ ತಂತಿ ಒಂದು ನೇರ ಗೆರೆ ಆಯ್ತು. 7ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್ಟಿಗೂ ಎಷ್ಟು ಸಂದಿ ಇದೆ ನೋಡಿ, 0.3 ಮಿಲಿಮೀಟರ್ ಆಸುಪಾಸು ಇರ್ಬೇಕು, ಒಂದು ವಿಸಿಟಿಂಗ್ ಕಾರ್ಡ್ ಸವರ್ಕೊಂಡು ಹೋಗೋವಷ್ಟು. ಕಾರ್ಡು ಹಾಕಿದ್ರೂ ಜಾಗ ಉಳಿದ್ರೆ ಬಾಗು ಜಾಸ್ತಿ, ತಿರುಪನ್ನ ಕೀ ಕಡೆಯಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗಿಸಿ. ಸಂದೀನೇ ಇಲ್ಲ, ತಂತಿ ಫ್ರೆಟ್ಟಿಗೆ ಅಂಟ್ಕೊಂಡಿದೆ ಅಂದ್ರೆ ಉಲ್ಟಾ ದಿಕ್ಕಿಗೆ. ಒಂದ್ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಖಂಡಿತಾ ಬೇಡ. ಬಿಗಿ ಮಾಡುವಾಗ ತಂತಿ ಸ್ವಲ್ಪ ಸಡಿಲಿಸ್ಕೊಳ್ಳಿ, ಆಮೇಲೆ ಮತ್ತೆ ಟ್ಯೂನ್ ಮಾಡಿ, ಕಾಫಿ ಕುಡ್ಕೊಂಡು ಬಂದು ಇನ್ನೊಂದ್ಸಲ ಅಳೀರಿ, ಮರ ನಿಧಾನಕ್ಕೆ ಹೊಂದ್ಕೊಳ್ಳತ್ತೆ. ತಿರುಗಿಸುವಾಗ ಕಿರ್ ಅಂತ ಒಂದು ಸಣ್ಣ ಸದ್ದು ಬಂದ್ರೆ ಹೆದರ್ಕೋಬೇಡಿ, ಆದ್ರೆ ಕೈಗೆ ತಿರುಗ್ತಿಲ್ಲ ಅನ್ಸಿದ ಕ್ಷಣ ನಿಲ್ಲಿಸಿ ರಿಪೇರಿಯವ್ರ ಹತ್ರ ಹೋಗಿ.

ಆಮೇಲೆ ತಂತಿ ಎತ್ತರ. ಕ್ಯಾಪೋ ತೆಗೆದು 17ನೇ ಫ್ರೆಟ್ ಹತ್ರ ಸ್ಟೀಲ್ ಸ್ಕೇಲ್ ನಿಲ್ಲಿಸಿ, ದಪ್ಪ ತಂತಿ ಕೆಳಗೆ ಸುಮಾರು 2.4 ಮಿಲಿಮೀಟರ್, ಸಣ್ಣ ತಂತಿ ಕೆಳಗೆ 2 ಮಿಲಿಮೀಟರ್ ಅಂತ ಶುರು ಮಾಡಿ. ಬ್ರಿಜ್ ಸ್ಯಾಡಲ್ (ಬ್ರಿಜ್ಜಲ್ಲಿ ತಂತಿ ಕೂರೋ ತುಂಡು) ಮೇಲಿರೋ ಸಣ್ಣ ತಿರುಪುಗಳಿಂದ ಏರ್ಸೋದು ಇಳ್ಸೋದು. ಜೋರಾಗಿ ಹೊಡೆಯೋ ಕೈ ಆದ್ರೆ ಸ್ವಲ್ಪ ಮೇಲೇ ಇರ್ಲಿ. ಎತ್ತರ ಇಳ್ಸೋಕೆ ಟ್ರಸ್ ರಾಡ್ ಬಿಗಿ ಮಾಡೋದು ತುಂಬಾ ಜನ ಮಾಡೋ ತಪ್ಪು, ನನ್ನ ಕೆಂಪು ಬೇಸನ್ನ ಕೆಡಿಸಿದ್ದೂ ಅದೇ ಅಂತ ಆ ಹಿರಿಯರು ಹೇಳಿದ್ರು.

ಇನ್ನು ಇಂಟೊನೇಶನ್, ಅಂದ್ರೆ ನೆಕ್ ಉದ್ದಕ್ಕೂ ಸ್ವರ ಸರಿ ಬರೋ ಹಂಗೆ ಮಾಡೋದು. 12ನೇ ಫ್ರೆಟ್ ಮೇಲೆ ಬೆರಳು ಒತ್ತದೆ ಬರೀ ಮುಟ್ಟಿಸಿ ಹಾರ್ಮಾನಿಕ್ (ಗಂಟೆ ಥರದ ಸ್ವರ) ನುಡಿಸಿ, ಟ್ಯೂನರಲ್ಲಿ ಸರಿ ಬರೋ ಹಂಗೆ ಮಾಡಿ, ಈಗ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ರೆ ಸ್ಯಾಡಲನ್ನ ಹಿಂದಕ್ಕೆ (ನೆಕ್ಕಿಂದ ದೂರ), ಇಳಿದಿದ್ರೆ ಮುಂದಕ್ಕೆ, ಪ್ರತೀ ಸಲ ಮತ್ತೆ ಟ್ಯೂನ್ ಮಾಡಿ ನೋಡಿ. ಹಳೇ ತಂತೀಲಿ ಇದು ಯಾವತ್ತೂ ಸರಿ ಕೂರಲ್ಲ, ಅದಕ್ಕೇ ಹೊಸ ತಂತಿ ಮೊದ್ಲು ಅಂದಿದ್ದು. ಪಿಕಪ್ ಎತ್ತರ ಕೊನೇಲಿ, ಕೊನೇ ಫ್ರೆಟ್ ಒತ್ತಿದಾಗ ತಂತಿ ಪಿಕಪ್ಪಿಗೆ ತಾಗದಿದ್ರೆ, ನಾಲ್ಕೂ ಒಂದೇ ಜೋರಲ್ಲಿ ಕೇಳಿಸಿದ್ರೆ ಸಾಕು.

ಎಲ್ಲಾ ಆದ್ಮೇಲೆ ಅಳತೆಗಳನ್ನ ಒಂದು ಚೀಟೀಲಿ ಬರ್ದು ಕವರ್ ಜೇಬಲ್ಲಿ ಇಡಿ. ಬೆಂಗಳೂರಲ್ಲಿ ಫೆಬ್ರವರಿ ಮಾರ್ಚಲ್ಲಿ ಒಣ ಗಾಳಿ, ಜುಲೈಲಿ ತೇವ, ನೆಕ್ ಅಲ್ಲಾಡೇ ಅಲ್ಲಾಡತ್ತೆ, ವರ್ಷಕ್ಕೆ ಎರಡು ಸಲ ನೋಡ್ಕೋಬೇಕು. ಮಂಗಳೂರು ಉಡುಪಿ ಕಡೆಯವ್ರಿಗೆ ತಂತಿ ತುಕ್ಕಿನ ಕಾಟ ಬೇರೆ, ನುಡಿಸಿದ ಮೇಲೆ ಹಳೇ ಪಂಚೆ ತುಂಡಲ್ಲಿ ಪ್ರತೀ ತಂತಿ ಅಡೀಲೂ ಒರೆಸಿ ಇಡಿ. ಆಕ್ಟಿವ್ ಬೇಸಾದ್ರೆ ಕೇಬಲ್ ಕಿತ್ತಿಡಿ, ಚುಚ್ಚಿದ್ದಷ್ಟು ಹೊತ್ತೂ ಬ್ಯಾಟ್ರಿ ಖರ್ಚಾಗ್ತಿರತ್ತೆ.

ಮಾರೋ ದಿನ ಬಂದ್ರೆ

ಸೆಟಪ್ ಮಾಡಿ ಮಾರಿ, ಒಂದು ತಂತಿ ಸೆಟ್ ಖರ್ಚು ಬೆಲೇಲಿ ವಾಪಸ್ ಬರತ್ತೆ, ಕೈಲಿ ಹಿಡಿದ ತಕ್ಷಣ ಚೆನ್ನಾಗಿದ್ರೆ ಯಾರೂ ಜಾಸ್ತಿ ಚೌಕಾಸಿ ಮಾಡಲ್ಲ. ಒಳ್ಳೇ ಸ್ಥಿತೀಲಿರೋದಕ್ಕೆ ಈಗಿನ ಹೊಸ ಬೆಲೆಯ ಅರವತ್ತು ಪರ್ಸೆಂಟಿಂದ ಶುರು ಮಾಡೋದು ನನ್ನ ಲೆಕ್ಕ. ಗೀಚು, ಏಟು ಬಿದ್ದಿರೋ ಜಾಗದ ಫೋಟೋ ಹಗಲು ಬೆಳಕಲ್ಲಿ ನೀವೇ ಹಾಕಿ, ಬಂದು ನೋಡಿ ಮುಖ ಸಣ್ಣ ಮಾಡ್ಕೊಂಡು ಹೋಗೋ ಹಂಗೆ ಆಗ್ಬಾರ್ದು. ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಯಾರಾದ್ರೂ ಅಂದ್ರೆ ಅಲ್ಲಿಗೇ ಫೋನ್ ಇಟ್ಬಿಡಿ. ಯುಪಿಐಲಿ ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ, ಪಿನ್ ಹಾಕಿದ್ರೆ ಹೋಗೋದು ನಿಮ್ಮ ದುಡ್ಡೇ.

ಬೇರೆ ಊರಿಗೆ ಬಸ್ ಪಾರ್ಸೆಲ್ಲಲ್ಲಿ ಕಳಿಸ್ಬೇಕಾದ್ರೆ ತಂತಿ ಒಂದೆರಡು ಸ್ವರ ಇಳಿಸಿ, ಹೆಡ್‌ಸ್ಟಾಕ್ ಕೆಳಗೆ ಬಟ್ಟೆ ಸುತ್ತಿ ಒತ್ತು ಕೊಡಿ, ಡಬ್ಬದೊಳಗೆ ಏನೂ ಅಲ್ಲಾಡ್ಬಾರ್ದು. ಬಿಲ್ಲು, ಅಳತೆ ಚೀಟಿ, ಟ್ರಸ್ ರಾಡ್ ಕೀ ಮೂರನ್ನೂ ಒಂದು ಸಣ್ಣ ಕವರಲ್ಲಿ ಹಾಕಿ ಗಿಟಾರ್ ಬ್ಯಾಗಿನ ಮುಂದಿನ ಜೇಬಲ್ಲಿ ಇಡಿ, ತಗೊಳ್ಳೋರಿಗೆ ಫೋನ್ ಮಾಡಿ ಕೀ ಅಲ್ಲೇ ಇದೆ, ಬೇರೆ ಸೈಜ್ ಹಾಕ್ಬೇಡಿ ಅಂತ ಹೇಳಿ.