ಹಳೇ ರೆಕಾರ್ಡ್ ಕತ್ತರಿಸಿ ಬೀಟ್ ಮಾಡುವ ನನ್ನ ಕ್ರಮ

ಹಳೇ ಹಾಡಿನ ತುಣುಕು ಜೋಡಿಸಿ ರ‍್ಯಾಪ್‌ಗೆ ಹಿನ್ನೆಲೆ ಕಟ್ಟುವುದೇ ಬೀಟ್ ಮಾಡುವುದು. ಅದನ್ನು ಮಾಡುವವರು 'ಬ್ರೇಕ್' ಅಂತ ಒಂದು ಮಾತು ಹೇಳುತ್ತಾರೆ. ಹಾಡಿನ ನಡುವೆ ಉಳಿದವರೆಲ್ಲ ಸುಮ್ಮನಾಗಿ ಡ್ರಮ್ ಒಂದೇ ಕೇಳುವ ಜಾಗ ಅದು. 1973ರ ಸುಮಾರಿಗೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ಜಾಗವನ್ನೇ ತಿರುಗಿ ತಿರುಗಿ ಹಾಕುತ್ತಿದ್ದ. ಹಿಪ್‌ಹಾಪ್ ಬೆಳೆದದ್ದೇ ಅದರ ಮೇಲೆ.

ನಮ್ಮ ಕಾಸರಗೋಡಿನ ಹಳೇ ಮನೆಗಳ ಅಟ್ಟದಲ್ಲಿ ಸಿಗುವ ರೆಕಾರ್ಡ್‌ಗಳಲ್ಲಿ ಬ್ರೇಕ್ ಹುಡುಕಿದರೆ ಕಷ್ಟ. ಕನ್ನಡ, ಮಲಯಾಳ, ಹಿಂದಿ ಸಿನಿಮಾ ಹಾಡು, ದೇವರನಾಮ, ಮಾಪ್ಪಿಳಪ್ಪಾಟ್ಟು, ನಾಗಸ್ವರ. ಏಳು ಭಾಷೆಯ ಊರು ಅಲ್ವಾ, ಒಂದೇ ಪೆಟ್ಟಿಗೆಯಲ್ಲಿ ಎಲ್ಲವೂ ಇರುತ್ತದೆ. ಆದರೆ ಯಾವುದನ್ನು ಹಾಕಿದರೂ ಯಾರಾದರೊಬ್ಬರು ಹಾಡುತ್ತಲೋ ಊದುತ್ತಲೋ ಇರುತ್ತಾರೆ. ಹಾಗಾಗಿ ನಾನು ಹುಡುಕುವುದು ಸಂದುಗಳನ್ನು. ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಬರುವ ಪಿಟೀಲಿನ ಎಳೆತ. ಗಾಯಕಿ ಉಸಿರು ತೆಗೆದುಕೊಳ್ಳುವಾಗ ಅರ್ಧ ಸೆಕೆಂಡ್ ಕೇಳುವ ತಬಲಾ. ಹಾಡು ಮುಗಿದ ಮೇಲೂ ಉಳಿಯುವ ಶ್ರುತಿ. ಇಡೀ ಸಾಲನ್ನು ಎತ್ತಿ ತಿರುಗಿ ತಿರುಗಿ ಹಾಕುವವರ ಕೆಲಸ ನನಗೆ ಅಷ್ಟು ಹಿಡಿಸುವುದಿಲ್ಲ. ಅದು ಹಾಡನ್ನೇ ಎರಡನೇ ಸಲ ಕೇಳಿಸಿದ ಹಾಗೆ.

ಮೊದಲ ಕೆಲಸ ತೊಳೆಯುವುದು. ನಮ್ಮ ಮಳೆಗಾಲದಲ್ಲಿ ರೆಕಾರ್ಡಿನ ಕವರಿಗೂ ಬೂಸರು, ಗೆರೆಗಳ ಒಳಗೂ ಬೂಸರು. ಎಲ್‌ಪಿಯನ್ನು ಡಿಸ್ಟಿಲ್ಡ್ ವಾಟರಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಸೇರಿಸಿ, ಮೆತ್ತನೆ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಒರೆಸುತ್ತೇನೆ. ನಿಮಿಷಕ್ಕೆ 78 ಸುತ್ತು ತಿರುಗುವ ದಪ್ಪ ಪ್ಲೇಟುಗಳಿಗೆ ಮಾತ್ರ ಆಲ್ಕೋಹಾಲ್ ತಾಗಿಸಲೇಬಾರದು. ಅವು ಅರಗಿನಿಂದ ಮಾಡಿದವು, ಕರಗಿ ಹೋಗುತ್ತವೆ. ಒಣಗಿಸಲು ಅಂಗಳದ ಬಿಸಿಲೂ ಬೇಡ. ಅಡಿಕೆ ಒಣಗುತ್ತದೆ, ರೆಕಾರ್ಡ್ ಬಾಗುತ್ತದೆ.

ರೆಕಾರ್ಡ್ ಪ್ಲೇಯರಿನಿಂದ ನೇರ ಕಂಪ್ಯೂಟರಿಗೆ ವಯರ್ ಎಳೆದರೆ ಸದ್ದು ತೆಳ್ಳಗೆ ಬರುತ್ತದೆ. ರೆಕಾರ್ಡ್ ಕೊರೆಯುವಾಗ ಬೇಸ್ ತಗ್ಗಿಸಿ ಮೇಲಿನ ಸ್ವರ ಏರಿಸಿರುತ್ತಾರೆ. ಅದನ್ನು ತಿರುಗಿ ಸರಿಮಾಡುವುದು ಫೋನೋ ಪ್ರೀಆಂಪ್ ಎಂಬ ಉಪಕರಣದ ಕೆಲಸ. ಅದು ಬೇಕೇ ಬೇಕು. ನನ್ನ ಪ್ಲೇಯರಿಗೆ 33 ಮತ್ತು 45 ಎರಡೇ ಸ್ಪೀಡು. 78ರ ಪ್ಲೇಟನ್ನು 45ರಲ್ಲಿ ಓಡಿಸಿ ರೆಕಾರ್ಡ್ ಮಾಡಿಕೊಂಡು, ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ವೇಗವನ್ನು 1.733 ಪಟ್ಟು ಏರಿಸುತ್ತೇನೆ. ಎಲ್‌ಪಿಯ ಸಣ್ಣ ಮುಳ್ಳು 78ರ ಅಗಲ ಗೆರೆಯಲ್ಲಿ ತಳ ಉಜ್ಜಿಕೊಂಡು ಹೋಗುವುದರಿಂದ ಗರಗರ ಜಾಸ್ತಿ. ಹಾಡು ಕೇಳುವವರು 78ಕ್ಕೆಂದೇ ಇರುವ ಮುಳ್ಳು ಹಾಕಿಕೊಳ್ಳಬೇಕು. ಬೀಟಿಗೆ ಆ ಗರಗರವೂ ಒಂದು ವಾದ್ಯ.

ಸ್ಪೀಡಿನ ಇನ್ನೊಂದು ಆಟವಿದೆ. 1987ರಲ್ಲಿ ಬಂದ ಇಮು ಎಸ್‌ಪಿ-1200 ಎಂಬ, ಸದ್ದಿನ ತುಣುಕು ಹಿಡಿದು ನುಡಿಸುವ ಮೆಷಿನ್ನಿನಲ್ಲಿ ಒಟ್ಟು ಹಿಡಿಸುತ್ತಿದ್ದದ್ದು ಸುಮಾರು 10 ಸೆಕೆಂಡ್ ಸದ್ದು ಮಾತ್ರ. ಜಾಗ ಉಳಿಸಲು ಆಗ ಬೀಟ್ ಮಾಡುತ್ತಿದ್ದವರು 33ರ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಸಿ, ಒಳಗೆ ಹೋದ ಮೇಲೆ ಸ್ವರ ಇಳಿಸುತ್ತಿದ್ದರು. ಇಳಿಸಿದಾಗ ಸದ್ದು ಒರಟಾಯಿತು, ಆ ಒರಟೇ ಆ ಕಾಲದ ಬಣ್ಣವಾಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಜಾಗಕ್ಕೆ ಬರಗಾಲವಿಲ್ಲ, ಆದರೂ ಪಿಟೀಲಿಗೆ ಹೀಗೆ ಮಾಡುತ್ತೇನೆ. 45ಕ್ಕೆ ಹಾಕಿದಾಗ ಸ್ವರ ಹಾರ್ಮೋನಿಯಂನ ಐದು ಮನೆಗಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ. ನಿಧಾನದಲ್ಲಿ ಕಿವಿಗೆ ಬೀಳದ ಒಂದು ಸಣ್ಣ ತುಣುಕು ಆಗ ಎದ್ದು ಕಾಣುತ್ತದೆ.

ಇನ್ನು ಕತ್ತರಿಸುವುದು. ಸಾಫ್ಟ್‌ವೇರ್ ತಾನೇ ಸಮ ತುಂಡು ಮಾಡಿಕೊಡುತ್ತದೆ. ಅದನ್ನು ನಂಬಬೇಡಿ. ನಮ್ಮ ಹಳೇ ರೆಕಾರ್ಡಿಂಗ್‌ಗಳಲ್ಲಿ ಯಾರೂ ಲಯ ಹಿಡಿಯುವ ಯಂತ್ರದ ಕ್ಲಿಕ್ ಕೇಳುತ್ತಾ ನುಡಿಸಿದ್ದಲ್ಲ. ಚರಣಕ್ಕೆ ಬರುವಾಗ ತಬಲಾದವನು ಒಂದು ಕೂದಲೆಳೆ ಮುಂದೆ ಓಡಿರುತ್ತಾನೆ. ಸಾಫ್ಟ್‌ವೇರಿನ ಸಮ ಗೆರೆಗಳ (ಗ್ರಿಡ್) ಪ್ರಕಾರ ಕತ್ತರಿಸಿದರೆ ಪೆಟ್ಟಿನ ತಲೆ ಒಂದು ತುಂಡಿಗೆ, ಬಾಲ ಇನ್ನೊಂದಕ್ಕೆ. ನಾನು ಸದ್ದಿನ ಅಲೆ ತೋರಿಸುವ ವೇವ್‌ಫಾರ್ಮನ್ನು ದೊಡ್ಡದು ಮಾಡಿ, ಬೆರಳು ಚರ್ಮಕ್ಕೆ ತಾಗುವ ಮುಂಚಿನ ಜಾಗ ನೋಡುತ್ತೇನೆ. ಗೆರೆ ಸೊನ್ನೆಯನ್ನು ದಾಟುವಲ್ಲಿ ಕತ್ತರಿ. ಇಲ್ಲದಿದ್ದರೆ ಟಕ್ ಅಂತ ಸದ್ದು ಬರುತ್ತದೆ. ಬಾಲಕ್ಕೆ ಕೆಲವು ಮಿಲಿಸೆಕೆಂಡಿನ ಫೇಡ್, ಅಂದರೆ ಸದ್ದು ಮೆಲ್ಲಗೆ ಕರಗುವುದು. ಹೀಗೆ ಸಿಕ್ಕಿದ್ದನ್ನು 16 ಪ್ಯಾಡಿಗೆ, ಅಂದರೆ ಗುಂಡಿಗಳಿಗೆ, ಹಂಚಿ, ಕೈಯಲ್ಲೇ ಬಡಿಯುತ್ತೇನೆ. ಪೆಟ್ಟನ್ನು ತಾನೇ ಲಯಕ್ಕೆ ಸರಿಪಡಿಸುವ ಕ್ವಾಂಟೈಸ್ ಆಫ್.

ವೇಗ ಗೊತ್ತುಮಾಡುವುದು ಸುಲಭ. ನಾಲ್ಕು ಎಣಿಕೆಯ ತುಣುಕು ಎಷ್ಟು ಸೆಕೆಂಡ್ ಇದೆ ನೋಡಿ, 240ನ್ನು ಅದರಿಂದ ಭಾಗಿಸಿ. 2.7 ಸೆಕೆಂಡ್ ಇದ್ದರೆ ಸುಮಾರು 89 ಬಿಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಎಣಿಕೆ.

ಯಕ್ಷಗಾನ ಬಂದಾಗ ಈ ಲೆಕ್ಕವೆಲ್ಲ ಅಡ್ಡಾದಿಡ್ಡಿ. ನಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ, ತೆಂಕಣ ಶೈಲಿಯಾದ ತೆಂಕುತಿಟ್ಟಿನ ಮದ್ದಳೆ ಬಿಟ್ಟು ಬೀಟ್ ಮಾಡಲು ಮನಸ್ಸು ಬರುವುದಿಲ್ಲ. ಯಕ್ಷಗಾನ ಆಟದ ಹಳೇ ಕ್ಯಾಸೆಟ್‌ನಿಂದ ತ್ರಿವುಡೆ ತಾಳದ ಒಂದು ಆವರ್ತ ಎತ್ತಿದೆ. ತ್ರಿವುಡೆಗೆ ಏಳು ಅಕ್ಷರ, ರ‍್ಯಾಪ್ ಮಾಡುವ ಹುಡುಗರಿಗೆ ಬೇಕಾದದ್ದು ಎಂಟು. ಕೊನೆಯಲ್ಲಿ ಬರುವ ಚಕ್ರತಾಳದ (ಎರಡು ತಟ್ಟೆಯ ವಾದ್ಯ) ಗುಂಯ್ ಸದ್ದನ್ನು ಎಳೆದು ಎಂಟನೆಯದು ತುಂಬಿಸಿದೆ. ಮದ್ದಳೆ ಬಾರಿಸುವ ಮಾವನಿಗೆ ಕೇಳಿಸಿದೆ.

"ಇದೆಂತದು ಮಾರಾಯ, ಏಳು ಮುಗಿದ ಮೇಲೆ ಒಂದು ಬಾಲ?"

"ಎಂಟು ಬೇಕಿತ್ತು ಮಾವ, ಇಲ್ಲದಿದ್ದರೆ ಅವರಿಗೆ ಹೇಳ್ಲಿಕ್ಕೆ ಆಗುವುದಿಲ್ಲ."

"ಹಾಗಾದ್ರೆ ಏಕತಾಳ ತೆಗೆದುಕೊಳ್ಳಬಹುದಿತ್ತಲ್ಲ? ಅದಕ್ಕೆ ನಾಲ್ಕೇ ಇರುವುದು."

ಮಾತು ಸರಿಯೇ. ಆದರೆ ಏಕತಾಳ ತಗೊಂಡರೆ ಎಲ್ಲವೂ ಸಲೀಸಾಗಿ ಕೂತುಬಿಡುತ್ತದೆ, ಕೇಳುವವನ ಕಿವಿ ಎಲ್ಲೂ ಎಡವುವುದಿಲ್ಲ. ನನಗೆ ಆ ಎಡವುವ ಜಾಗ ಬೇಕು. ಈಗ ಎರಡು ಬಗೆ ಮಾಡುತ್ತೇನೆ. ಹಾಡುವವರಿಗೆ ಎಂಟು. ಬರೀ ಕೇಳಲಿಕ್ಕಾದರೆ ಏಳು ಏಳಾಗಿಯೇ ಇರಲಿ, ಕಿಕ್ (ಡ್ರಮ್ಮಿನ ದಪ್ಪ ಪೆಟ್ಟು) ಮಾತ್ರ ನಾಲ್ಕರಂತೆ ಓಡಲಿ. 28 ಅಕ್ಷರಕ್ಕೊಮ್ಮೆ ಎರಡೂ ಒಟ್ಟಿಗೆ ಬಂದು ಕೂರುತ್ತವೆ. ಕಾಯುವುದೇ ಮಜಾ.

ಶ್ರುತಿ ಮರೆಯಬಾರದು. ಭಾಗವತರು ಕಪ್ಪು ಎರಡರಲ್ಲಿ (ಹಾರ್ಮೋನಿಯಂನ ಎರಡನೇ ಕಪ್ಪು ಮನೆ) ಹಾಡಿದರೆ ಮದ್ದಳೆಯೂ ಅದೇ ಶ್ರುತಿಗೆ ಕೂತಿರುತ್ತದೆ. ಎತ್ತಿದ ತುಣುಕಿನ (ಸ್ಯಾಂಪಲ್) ಸ್ವರ ಎರಡು ಮನೆ ಇಳಿಸಿದರೆ ಮದ್ದಳೆಯೂ ಇಳಿಯುತ್ತದೆ. ನಾನು ಸೇರಿಸಿದ ಬೇಸನ್ನು ಹಾಗೇ ಬಿಟ್ಟರೆ ಎಲ್ಲೋ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಬೇಸನ್ನು ಕೊನೆಗೆ ಕೂರಿಸುತ್ತೇನೆ.

ಹಕ್ಕಿನ ವಿಷಯ ಚುಟುಕಾಗಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮರುವರ್ಷದಿಂದ 60 ವರ್ಷ. ಅದು ಮುಗಿದರೂ ಸಾಹಿತ್ಯ, ಸಂಗೀತದ ಹಕ್ಕು ಬೇರೆಯೇ, ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ತುಣುಕು ಸಣ್ಣದಾದರೆ ಪರವಾಗಿಲ್ಲ ಅನ್ನುವುದು ಹುಡುಗರ ನಡುವಿನ ಮಾತು, ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕ ಇಲ್ಲ. ಆ ತ್ರಿವುಡೆಯ ಬೀಟ್ ಹಾಗಾಗಿ ಮನೆಯಲ್ಲೇ ಇದೆ. ಹೊರಗೆ ಬಿಡುವ ಬೀಟಿಗೆ ಮದ್ದಳೆ ಬೇಕಾದರೆ ಮಾವನನ್ನೇ ಕೂರಿಸಿ, ಎಡಕ್ಕೊಂದು ಬಲಕ್ಕೊಂದು ಮೈಕ್ ಇಟ್ಟು ರೆಕಾರ್ಡ್ ಮಾಡುತ್ತೇನೆ. ಅದನ್ನೂ ರೆಕಾರ್ಡಿನ ಹಾಗೇ ಕತ್ತರಿಸುವುದು. ಶರತ್ತು ಅವರದ್ದು ಒಂದೇ, ತ್ರಿವುಡೆಗೆ ಬಾಲ ಸೇರಿಸುವ ಹಾಗಿಲ್ಲ.